ಬ್ರಾಕೆಟ್ಟಿನೊಳಗಿನ ಮಗಳು

ಬರೆಯದೆ ತುಂಬಾ ದಿನ ಆಗಿತ್ತು. ಇವತ್ತು ಬರೆಯದಿದ್ರೆ ತಲೆ ಸಿಡಿದು ಹೋಗುತ್ತೆ ಅನ್ನಿಸಿ ಕೂತಿದ್ದೀನಿ. ಸ್ವಲ್ಪ ಉದ್ದ ಆಗಬಹುದು, ಸ್ವಲ್ಪ ಖಾರವೂ ಆಗಬಹುದು. ಮೊದಲೇ ಹೇಳಿದ್ದೀನಿ, ಆಮೇಲೆ ಬೈಕೋಬೇಡಿ.

ವಿಷಯ ಇಷ್ಟೇ. 2023ರ ಆಷಾಢದಲ್ಲಿ ಅಪ್ಪಯ್ಯ ತೀರಿಕೊಂಡ. ತೋಟದ ಪಹಣಿ ಇನ್ನೂ ಅವನ ಹೆಸರಲ್ಲೇ ಇದೆ. ಆಯಿ ಹೆಸರಿಗೂ ನನ್ನ ಹೆಸರಿಗೂ ಪೌತಿ ಖಾತೆ ಮಾಡಿಸೋಣ ಅಂತ ಹೊರಟೆ. ಊರಲ್ಲಿ ಜಮೀನು ಇರೋರಿಗೆ ಗೊತ್ತಿರುತ್ತೆ, ಪೌತಿ ಖಾತೆ ಆಗಬೇಕಾದ್ರೆ ವಂಶವೃಕ್ಷ ಬೇಕು. ನಾಡಕಚೇರಿಯಲ್ಲಿ ಅರ್ಜಿ ಹಾಕಿದೆ, ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿದೆ, ಊರಿನ ನಾಲ್ಕು ಜನರ ಹೇಳಿಕೆ ತಗೊಂಡರು. ಬೆಂಗಳೂರಿಂದ ಮೂರು ಸಲ ರಜೆ ಹಾಕಿ ಓಡಾಡಿದ್ದಾಯ್ತು. ಕೊನೆಗೆ ಕೈಗೆ ಬಂದ ಕಾಗದದಲ್ಲಿ ಮೇಲೆ ಅಪ್ಪಯ್ಯನ ಹೆಸರು. ಪಕ್ಕದಲ್ಲಿ ಆಯಿ. ಕೆಳಗೆ ಒಂದು ಗೆರೆ ಎಳೆದು ನನ್ನ ಹೆಸರು. ನನ್ನ ಹೆಸರಿನ ಮುಂದೆ ಬ್ರಾಕೆಟ್ಟಿನಲ್ಲಿ 'ದತ್ತು'.

"ಇದ್ಯಾಕೆ ಸಾರ್?" ಅಂದೆ.

"ನಿಮ್ಮ ಸಂಬಂಧಿಕರೇ ಹೇಳಿಕೆ ಕೊಟ್ಟಿದ್ದಾರಲ್ಲ ಮೇಡಂ. ಇರ್ಲಿ ಬಿಡಿ, ಏನು ತೊಂದ್ರೆ? ನಿಜಾನೇ ಅಲ್ವಾ?"

ನಿಜ. ಅದರಲ್ಲಿ ಸುಳ್ಳೇನೂ ಇಲ್ಲ. 1986ರಲ್ಲಿ, ನಾನು ಏಳು ತಿಂಗಳ ಮಗು ಆಗಿದ್ದಾಗ, ಕೋರ್ಟಿನ ಅಪ್ಪಣೆ ಪಡೆದು, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ದತ್ತಕ ಪತ್ರ ನೋಂದಾಯಿಸಿ ಅಪ್ಪಯ್ಯ ಆಯಿ ನನ್ನನ್ನು ಮನೆಗೆ ತಂದರು. ಇದನ್ನು ಯಾವತ್ತೂ ನನ್ನಿಂದ ಮುಚ್ಚಿಟ್ಟಿಲ್ಲ. ನಾನೂ ಯಾರ ಹತ್ತಿರವೂ ಮುಚ್ಚಿಟ್ಟಿಲ್ಲ. ಹಾಗಾದ್ರೆ ಆ ಬ್ರಾಕೆಟ್ ಕಂಡ್ರೆ ನನಗ್ಯಾಕೆ ಇಷ್ಟು ಉರಿ?

ಯಾಕೆ ಅಂದ್ರೆ, ಚಿಕ್ಕಪ್ಪನ ಮಗನ ಹೆಸರಿನ ಮುಂದೆ ಬ್ರಾಕೆಟ್ಟಿನಲ್ಲಿ 'ಹೆತ್ತದ್ದು' ಅಂತ ಬರೆಯಲ್ಲ. ಅದಕ್ಕೆ.

*

ನಮ್ಮ ಜನ 'ಸ್ವಂತ' ಅನ್ನೋ ಶಬ್ದ ಬಳಸೋದನ್ನ ಗಮನಿಸಿದ್ದೀರಾ? ಸ್ವಂತ ಮನೆ, ಸ್ವಂತ ಸೈಟು, ಸ್ವಂತ ಕಾರು... ಇವೆಲ್ಲ ದುಡ್ಡು ಕೊಟ್ಟು, ಸಾಲ ಮಾಡಿ, ರಿಜಿಸ್ಟರ್ ಮಾಡಿಸಿಕೊಂಡು 'ಸ್ವಂತ' ಆಗುವಂಥವು. ಮಕ್ಕಳ ವಿಷಯ ಬಂದ ಕೂಡಲೇ ಮಾತ್ರ ರಿಜಿಸ್ಟ್ರೇಶನ್ ನಡೆಯಲ್ಲ. ಅಲ್ಲಿ 'ಸ್ವಂತ' ಅಂದ್ರೆ ಹೊಟ್ಟೆಯಲ್ಲಿ ಹುಟ್ಟಿದ್ದು. ಉಳಿದದ್ದು 'ಸಾಕಿದ್ದು'. ದನ ಸಾಕ್ತಾರೆ, ನಾಯಿ ಸಾಕ್ತಾರೆ, ನನ್ನನ್ನೂ ಸಾಕಿದ್ರು! ಸರಿ ಸ್ವಾಮಿ, ಹೆತ್ತ ಮಕ್ಕಳನ್ನ ಏನು ಮಾಡ್ತೀರಾ? ಹೆತ್ತು ಹಾಗೇ ಬಿಟ್ಟುಬಿಡ್ತೀರಾ? ಅವನ್ನೂ ಸಾಕಬೇಕಲ್ಲ?

ಚಿಕ್ಕವಳಿದ್ದಾಗ ಮದುವೆಮನೆಗಳಲ್ಲಿ ಯಾರೋ ಒಬ್ಬರು ಹೆಂಗಸರು ನನ್ನ ಗಲ್ಲ ಹಿಡಿದು ಈ ಕಡೆ ಆ ಕಡೆ ತಿರುಗಿಸಿ ನೋಡಿ ಆಯಿ ಹತ್ತಿರ ಕೇಳ್ತಿದ್ರು, "ಇದೇಯನೇ ಆ ಕೂಸು? ಲಕ್ಷಣವಾಗೇ ಇದ್ದು." ಲಕ್ಷಣವಾಗಿ 'ಏ' ಇದೆಯಂತೆ. ಆ ಏಕಾರದಲ್ಲಿ ಏನಿದೆ ಅಂತ ನನಗೆ ಅರ್ಥ ಆಗೋಕೆ ಹತ್ತು ವರ್ಷ ಬೇಕಾಯ್ತು. ಯಾವ ಜಾತಿಯದ್ದೋ ಏನೋ, ಆದರೂ ಮೂಗು ಬಣ್ಣ ಪರವಾಗಿಲ್ಲ... ಅಂತ.

ಇನ್ನೊಂದು ಗುಂಪಿದೆ. ಇವರು ಒಳ್ಳೆಯವರು, ಅದಕ್ಕೇ ಇವರನ್ನ ಬೈಯೋದು ಕಷ್ಟ. "ನೀನು ಪುಣ್ಯ ಮಾಡಿದ್ದೆ ನೋಡು, ಇಂಥ ಮನೆ ಸಿಕ್ಕಿತು" ಅನ್ನೋರು. ನಾನು ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದ್ರೆ ಅಪ್ಪಯ್ಯನ ಪುಣ್ಯ, ಪಿಯುಸಿಯಲ್ಲಿ ಗಣಿತದಲ್ಲಿ ಎಡವಿದ್ರೆ 'ಎಲ್ಲಿಯ ರಕ್ತವೋ'. ಬೇರೆ ಮಕ್ಕಳು ಅಪ್ಪನ ಜತೆ ಜಗಳ ಆಡಿದ್ರೆ ಅದು ವಯಸ್ಸು. ನಾನು ಆಡಿದ್ರೆ ಅದು ಉಪಕಾರಸ್ಮರಣೆ ಇಲ್ಲದ್ದು. ಮಗಳು ಅಂದ್ರೆ ಮನೆಯಲ್ಲಿ ಸಿಟ್ಟು ಮಾಡಿಕೊಂಡು ಊಟ ಬಿಡೋ ಹಕ್ಕು ಇರೋಳು ಅಲ್ವಾ? ಆ ಹಕ್ಕನ್ನ ಅಪ್ಪಯ್ಯ ಆಯಿ ನನಗೆ ಧಾರಾಳವಾಗಿ ಕೊಟ್ಟಿದ್ರು. ಊರಿನವರು ಕೊಡಲಿಲ್ಲ.

*

ಈಗ ಅಸಲು ಮಾತಿಗೆ ಬರ್ತೀನಿ. ಅಪ್ಪಯ್ಯ ಹೋದ ದಿನ.

ಮಳೆ ಸುರೀತಿತ್ತು. ಬೆಂಗಳೂರಿಂದ ರಾತ್ರಿ ಹೊರಟು ಬೆಳಗ್ಗೆ ಮನೆ ಮುಟ್ಟಿದ್ದೆ. ಜಗುಲಿಯಲ್ಲಿ ಮಲಗಿಸಿದ್ರು. ಕ್ರಿಯೆ ಯಾರು ಮಾಡೋದು ಅನ್ನೋ ಪ್ರಶ್ನೆ ನನ್ನ ಮನಸ್ಸಲ್ಲಿ ಬಂದೇ ಇರಲಿಲ್ಲ. ಅಪ್ಪಯ್ಯನೇ ಹತ್ತು ಸಲ ಹೇಳಿದ್ದ, "ಕೂಸೇ, ನೀನೇ ಮಾಡಕ್ಕು" ಅಂತ. ಚಿಕ್ಕಪ್ಪ ಅಂಗಳದಲ್ಲೇ ನಿಂತು ಹೇಳಿದ್ರು: "ಮಾಣಿ ಮಾಡಲಿ. ಹೆಣ್ಣು ಮಕ್ಕಳು ಮಾಡೋ ಕ್ರಮ ಇಲ್ಲ. ಅದರ ಮೇಲೆ ಇದು ರಕ್ತ ಸಂಬಂಧವೂ ಅಲ್ಲ." ಮಾಣಿ ಅಂದ್ರೆ ಅವರ ಮಗ. ಭಟ್ಟರನ್ನ ಕೇಳಿದ್ರೆ, "ಹಿರಿಯರು ಹೇಳಿದ ಹಾಗೆ" ಅಂತ ಕೈ ತೊಳೆದುಕೊಂಡರು. ಒಳಗಿಂದ ಆಯಿ ಕೂಗಿದ್ದು ಎಲ್ಲರಿಗೂ ಕೇಳಿಸಿತು: "ಅದು ಎಂಗಳ ಕೂಸು. ಮತ್ತೆ ಮಾತಿಲ್ಲೆ." ಕೇಳಿಸಿತು, ಆದರೆ ಯಾರೂ ಕೇಳಲಿಲ್ಲ.

ನಾನು ಸುಮ್ಮನಿದ್ದೆ. ಇದನ್ನ ಬರೆಯೋಕೆ ನಾಚಿಕೆ ಆಗುತ್ತೆ, ಆದ್ರೂ ಬರೀತೀನಿ. ಆಫೀಸಿನಲ್ಲಿ ಹತ್ತು ಜನರ ಟೀಮ್ ನಡೆಸೋಳು, ಮೀಟಿಂಗಿನಲ್ಲಿ ಯಾರ ಬಾಯಿ ಬೇಕಾದ್ರೂ ಮುಚ್ಚಿಸೋಳು, ಆವತ್ತು ಅಪ್ಪಯ್ಯನ ಕಾಲ ಹತ್ತಿರ ನಿಂತು ಒಂದೂ ಮಾತಾಡಲಿಲ್ಲ. ಶವ ಇಟ್ಟುಕೊಂಡು ಜಗಳ ಬೇಡ ಅನ್ನಿಸಿತು. ಅಷ್ಟೇ ಅಲ್ಲ, ಒಳಗೆಲ್ಲೋ ಒಂದು ಮೂಲೆಯಲ್ಲಿ 'ಹೌದೇನೋ, ನಾನು ಅಲ್ಲವೇನೋ' ಅಂತಲೂ ಅನ್ನಿಸಿತು. ಮೂವತ್ತೇಳು ವರ್ಷ ಒಂದೇ ಮನೆಯಲ್ಲಿ ಉಂಡು ಬೆಳೆದವಳಿಗೆ ಆ ಒಂದು ನಿಮಿಷದಲ್ಲಿ ಹಾಗನ್ನಿಸುವ ಹಾಗೆ ಮಾಡಿದರಲ್ಲ, ಅದಕ್ಕೆ ನಾನು ಯಾರನ್ನೂ ಕ್ಷಮಿಸಿಲ್ಲ. ನನ್ನನ್ನೂ ಸೇರಿಸಿ.

(ಆ ಹುಡುಗ ಪಾಪ ಒಳ್ಳೆಯವನು. ಹದಿಮೂರನೇ ದಿನ ಹಿತ್ತಲಲ್ಲಿ ಸಿಕ್ಕಿ, "ಅಕ್ಕಾ, ನೀನೇ ಮಾಡಕಾಗಿತ್ತು. ಅಪ್ಪ ಹೇಳಿದ್ದಕ್ಕೆ..." ಅಂತ ತಲೆ ತಗ್ಗಿಸಿದ. ಅವನ ಮೇಲೆ ನನಗೆ ಸಿಟ್ಟಿಲ್ಲ.)

ಆಮೇಲೆ ಕೂತು ಓದಿದೆ. ಸಿಟ್ಟು ಬಂದಾಗ ಓದೋದು ನನ್ನ ಚಾಳಿ.

ಒಂದು ವಿಷಯ ಒಪ್ಪಿಕೊಳ್ತೀನಿ. ಚಿಕ್ಕಪ್ಪ ಹೇಳೋ ಹಳೇ ಶಾಸ್ತ್ರದ ಲೆಕ್ಕದಲ್ಲಿ ನಾನು ದತ್ತು ಆಗೋಕೇ ಸಾಧ್ಯವಿರಲಿಲ್ಲ. 1956ಕ್ಕೆ ಮುಂಚಿನ ಹಿಂದೂ ಕಾನೂನಿನಲ್ಲಿ ಸಾಮಾನ್ಯವಾಗಿ ಗಂಡುಮಗುವನ್ನು ಮಾತ್ರ ದತ್ತು ತಗೋಬಹುದಿತ್ತು. ಅದನ್ನೂ ಹೆತ್ತ ಅಪ್ಪನೋ ಅಮ್ಮನೋ ಕೈಯಾರೆ ಕೊಡಬೇಕಿತ್ತು. ಕೊಡೋಕೆ ಯಾರೂ ಇಲ್ಲದ ಅನಾಥ ಮಗು ದತ್ತಕಕ್ಕೆ ಅರ್ಹವೇ ಅಲ್ಲ! ಅಂದ್ರೆ ಯಾವ ಮಗುವಿಗೆ ಮನೆ ಬೇಕಿತ್ತೋ ಅದಕ್ಕೆ ಬಾಗಿಲಿಲ್ಲ, ಯಾವ ಮನೆಗೆ ಗಂಡುಮಗು ಬೇಕಿತ್ತೋ ಅದಕ್ಕೆ ಮಾತ್ರ ವ್ಯವಸ್ಥೆ. ದತ್ತಕ ಅನ್ನೋದು ಮಗುವಿಗಾಗಿ ಇದ್ದದ್ದಲ್ಲ, ಪಿಂಡಕ್ಕಾಗಿ ಮತ್ತು ಆಸ್ತಿಗಾಗಿ ಇದ್ದದ್ದು.

ಆದ್ರೆ 1956ರಲ್ಲಿ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಬಂತು. ಹೆಣ್ಣುಮಗುವನ್ನೂ ದತ್ತು ತಗೋಬಹುದು ಅಂದಿತು. ಹೆತ್ತವರು ಯಾರೆಂದು ಗೊತ್ತಿಲ್ಲದ ಮಗುವನ್ನೂ ಕೋರ್ಟಿನ ಅಪ್ಪಣೆ ಮೇಲೆ ಪೋಷಕರು ಕೊಡಬಹುದು ಅನ್ನೋದೂ ಆಮೇಲೆ ಸ್ಪಷ್ಟವಾಯಿತು. ಆ ಕಾಯ್ದೆಯ 12ನೇ ಕಲಮನ್ನ ನಾನು ಈಗ ನಿದ್ದೆಯಲ್ಲೂ ಹೇಳಬಲ್ಲೆ. ದತ್ತು ಆದ ದಿನದಿಂದ ಆ ಮಗು ಎಲ್ಲ ಉದ್ದೇಶಗಳಿಗೂ ದತ್ತು ತಗೊಂಡವರ ಮಗು. ಹುಟ್ಟಿದ ಮನೆಯ ನಂಟು ಅಲ್ಲಿಗೆ ಕಡಿಯಿತು. ಗಮನಿಸಿ, 'ಎಲ್ಲ ಉದ್ದೇಶಗಳಿಗೂ'. ಪಹಣಿಗೆ ಮಾತ್ರ ಅಂತಲೋ, ರೇಷನ್ ಕಾರ್ಡಿಗೆ ಮಾತ್ರ ಅಂತಲೋ ಇಲ್ಲ.

ಅದಕ್ಕಿಂತ ಇಷ್ಟವಾದದ್ದು 15ನೇ ಕಲಮು. ಕ್ರಮಬದ್ಧವಾಗಿ ಆದ ದತ್ತಕವನ್ನ ಅಪ್ಪ ಅಮ್ಮ ರದ್ದು ಮಾಡೋ ಹಾಗಿಲ್ಲ. ಮಗುವೂ ಆ ಸ್ಥಾನವನ್ನ ಬಿಟ್ಟುಕೊಟ್ಟು ಹುಟ್ಟಿದ ಮನೆಗೆ ವಾಪಸ್ ಹೋಗೋ ಹಾಗಿಲ್ಲ. ಗಂಡ ಹೆಂಡತಿಗಾದ್ರೂ ಡೈವೋರ್ಸ್ ಇದೆ. ನನಗೂ ಅಪ್ಪಯ್ಯನಿಗೂ ಅದೂ ಇಲ್ಲ. ಇದಕ್ಕಿಂತ ಗಟ್ಟಿ ಸಂಬಂಧ ಬೇಕಾ ನಿಮಗೆ?

ಅಪ್ಪ ವಿಲ್ ಬರೆಯದೆ ಸತ್ತರೆ ಮಗಳು ಮೊದಲ ದರ್ಜೆ ವಾರಸುದಾರಳು. ಮಗಳು ಅಂದ್ರೆ ಮಗಳು. ಇದನ್ನ ನಾನು ಹೇಳಿದಾಗ ನಮ್ಮ ನೆಂಟರೊಬ್ಬರು, "ಓಹೋ, ಆಸ್ತಿಗೆ ಬಂದದ್ದು" ಅಂದರು. ಹೌದು ಸ್ವಾಮಿ, ಆಸ್ತಿಗೂ ಬಂದದ್ದು. ಎರಡೂಕಾಲು ಎಕರೆ ಅಡಿಕೆ ತೋಟ, ಅದರಲ್ಲಿ ಅರ್ಧ ಮರಗಳಿಗೆ ಕೊಳೆರೋಗ. ನಿಮ್ಮ ಮಗ ಕೇಳಿದ್ರೆ ಹಕ್ಕು, ನಾನು ಕೇಳಿದ್ರೆ ಆಸೆಬುರುಕತನ?

*

ನಮ್ಮ ನಾಡಿನ ಡೊಂಕು ನೋಡಿ. ಪ್ರತಿ ಅಕ್ಟೋಬರಿನಲ್ಲಿ ಕಿತ್ತೂರು ಉತ್ಸವ ಅಂತ ಸಡಗರ. ಚೆನ್ನಮ್ಮ ಅಂದ್ರೆ ಮೈ ಪುಳಕ. ಆ ಯುದ್ಧ ಯಾತಕ್ಕೆ ಆದದ್ದು ಅಂತ ಯಾರಾದ್ರೂ ನೆನಪು ಮಾಡಿಕೊಳ್ತಾರಾ? ದತ್ತು ಮಗನ ಹಕ್ಕಿಗೆ! 1824ರಲ್ಲಿ ದೇಸಾಯಿ ತೀರಿಕೊಂಡಾಗ ದತ್ತು ತಗೊಂಡಿದ್ದ ಶಿವಲಿಂಗಪ್ಪನನ್ನ ಕಂಪನಿ ಸರ್ಕಾರ ಒಪ್ಪಲಿಲ್ಲ. ಧಾರವಾಡದ ಕಲೆಕ್ಟರ್ ಥ್ಯಾಕರೆ ಖಜಾನೆಗೆ ಬೀಗ ಹಾಕಿಸೋಕೆ ಹೊರಟ. ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆ ಮುಂದೆ ಹೆಣವಾದ. ಝಾನ್ಸಿ ಲಕ್ಷ್ಮೀಬಾಯಿ ಹೋರಾಡಿದ್ದೂ ದತ್ತು ಮಗ ದಾಮೋದರ ರಾವ್‌ಗಾಗಿ. ಡಾಲ್‌ಹೌಸಿ 'ಇವನು ಹೆತ್ತ ಮಗನಲ್ಲ' ಅಂದಾಗ ಅದು ದರೋಡೆ. ಚಿಕ್ಕಪ್ಪ ಅಂದ್ರೆ ಅದು ಸಂಪ್ರದಾಯ!!

ಮೈಸೂರಿಗೆ ಬನ್ನಿ. ಮುಮ್ಮಡಿ ಕೃಷ್ಣರಾಜ ಒಡೆಯರ್ 1865ರಲ್ಲಿ ಎರಡು ವರ್ಷದ ಮಗುವನ್ನ ದತ್ತು ತಗೊಂಡರು. ಆ ದತ್ತಕವನ್ನ ಬ್ರಿಟಿಷರಿಂದ ಒಪ್ಪಿಸೋಕೆ ಪಟ್ಟ ಪಾಡು ಅಷ್ಟಿಷ್ಟಲ್ಲ. ಕೊನೆಗೆ 1867ರಲ್ಲಿ ಒಪ್ಪಿದರು. ಆ ಮಗುವೇ 1881ರಲ್ಲಿ ರಾಜ್ಯ ವಾಪಸ್ ಪಡೆದ, ಅದೇ ವರ್ಷ ಪ್ರಜಾ ಪ್ರತಿನಿಧಿ ಸಭೆ ಶುರುವಾದ ಕಾಲದ ಚಾಮರಾಜೇಂದ್ರ ಒಡೆಯರ್. ಅವರ ಮಗ ನಾಲ್ವಡಿ ಕೃಷ್ಣರಾಜ ಒಡೆಯರ್. ಕನ್ನಂಬಾಡಿ ಕಟ್ಟೆಯ ನೀರು ಕುಡಿಯುವಾಗ ಯಾರಿಗಾದ್ರೂ 'ದತ್ತು ಮಗನ ಮಗ ಕಟ್ಟಿಸಿದ್ದು' ಅಂತ ಗಂಟಲಲ್ಲಿ ಸಿಕ್ಕಿಕೊಂಡಿದೆಯಾ? 2015ರಲ್ಲಿ ಮೈಸೂರು ಅರಮನೆಯಲ್ಲಿ ಮತ್ತೆ ದತ್ತು ಸ್ವೀಕಾರ ಆಯ್ತು. ಟೀವಿಯವರು ಇಡೀ ದಿನ ತೋರಿಸಿದ್ರು. ನಮ್ಮ ಊರಿನವರು ಟೀವಿ ಮುಂದೆ ಕೂತು ಕಣ್ತುಂಬ ನೋಡಿದ್ರು. ಚಿಕ್ಕಪ್ಪನೂ ನೋಡಿದ್ರು.

ಅರಮನೆಗೆ ಆದ್ರೆ ಸರಿ, ನಮ್ಮ ಮನೆಗೆ ಯಾಕೆ ಸರಿಯಲ್ಲ? ಉತ್ತರ ನನಗೆ ಗೊತ್ತಿದೆ, ನಿಮಗೂ ಗೊತ್ತಿದೆ. ಅರಮನೆಯವರು ಅರಸು ಮನೆತನದೊಳಗೇ ತಗೊಂಡರು. ಅಪ್ಪಯ್ಯನಿಗೂ ಹಾಗೇ ಹೇಳಿದ್ರಂತೆ. ಮಕ್ಕಳಾಗಲಿಲ್ಲವಾ, ದಾಯಾದಿಗಳ ಮನೆಯ ಗಂಡು ಒಂದನ್ನ ತಗೋ, ವಂಶವೂ ಉಳೀತು, ಜಮೀನೂ ಒಳಗೇ ಉಳೀತು. ಹಾಗೆ ತಗೊಂಡಿದ್ರೆ ಆ ಹುಡುಗನ ಹೆಸರಿನ ಮುಂದೆ ಯಾರೂ ಬ್ರಾಕೆಟ್ ಹಾಕಿಸ್ತಿರಲಿಲ್ಲ. ಹಾಗಾದ್ರೆ ದತ್ತಕದ ಮೇಲೆ ನಿಮಗೆ ತಕರಾರೇ ಇಲ್ಲ! ತಕರಾರು ಇರೋದು ಎಲ್ಲಿಯದೋ ಗೊತ್ತಿಲ್ಲದ ಮಗುವಿನ ಮೇಲೆ. 'ರಕ್ತ' ಅಂತ ಬಾಯಲ್ಲಿ ಅನ್ನೋದು, ಮನಸ್ಸಲ್ಲಿ ಇರೋದು 'ಜಾತಿ'. ರಕ್ತ ಅಂದ್ರೆ ಮರ್ಯಾದೆಯಾಗಿ ಕೇಳಿಸುತ್ತೆ, ಅಷ್ಟೇ ವ್ಯತ್ಯಾಸ. ಆಸ್ಪತ್ರೆಯಲ್ಲಿ ಅಪ್ಪಯ್ಯನಿಗೆ ಎರಡು ಬಾಟಲಿ ರಕ್ತ ಏರಿಸಿದಾಗ ಅದು ಯಾರದ್ದು ಅಂತ ಚಿಕ್ಕಪ್ಪ ಕೇಳಿದ್ದು ನನಗೆ ನೆನಪಿಲ್ಲ.

ಇದು ಹಿಂದೂಗಳ ಕಥೆ ಮಾತ್ರ ಅಂದ್ಕೋಬೇಡಿ. ಮುಸ್ಲಿಮರು, ಕ್ರಿಶ್ಚಿಯನ್ನರು, ಪಾರ್ಸಿಗಳು ಎಷ್ಟೋ ದಶಕ 1890ರ ಒಂದು ಕಾಯ್ದೆಯಡಿ ಮಗುವಿಗೆ 'ಪೋಷಕರು' ಆಗಬಹುದಿತ್ತೇ ಹೊರತು ಅಪ್ಪ ಅಮ್ಮ ಆಗುವಂತಿರಲಿಲ್ಲ. ಬಾಲನ್ಯಾಯ ಕಾಯ್ದೆಯಡಿ ಯಾವ ಧರ್ಮದವರೂ ದತ್ತು ತಗೋಬಹುದು ಅಂತ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದ್ದು 2014ರಲ್ಲಿ, ಶಬನಮ್ ಹಶ್ಮಿ ಅನ್ನೋರು ಹೋರಾಡಿದ ಮೇಲೆ. ಈಗ ಎಲ್ಲ ಆನ್‌ಲೈನು. ಕಾರಾ ವೆಬ್‌ಸೈಟಿನಲ್ಲಿ ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯಬೇಕು. 2022ರಿಂದ ಆದೇಶ ಕೊಡೋದು ಕೋರ್ಟ್ ಅಲ್ಲ, ಜಿಲ್ಲಾಧಿಕಾರಿ. ಕಾಗದ ಬದಲಾಗ್ತಾ ಇದೆ. ಜಗುಲಿ ಬದಲಾಗಿಲ್ಲ.

*

ಇನ್ನು ಕರ್ಣ. ಅಯ್ಯೋ, ಈ ಕರ್ಣನನ್ನ ನನ್ನ ಮುಂದೆ ಎಷ್ಟು ಜನ ತಂದು ನಿಲ್ಲಿಸಿದ್ದಾರೋ ಲೆಕ್ಕವಿಲ್ಲ. "ಪಾಪ, ಕರ್ಣನ ಹಾಗೆ." ನಾಟಕ, ಸಿನಿಮಾ ಎಲ್ಲದರಲ್ಲೂ ಕುಂತಿಯ ಕಣ್ಣೀರಿಗೆ ಅರ್ಧ ಗಂಟೆ. ರಾಧೆಗೆ? ಅಪ್ಪಯ್ಯನಿಗೆ ತಾಳಮದ್ದಳೆ ಹುಚ್ಚು. ಕರ್ಣಭೇದನ ಅಂದ್ರೆ ಹತ್ತು ಮೈಲಿ ನಡೆದು ಹೋಗುವವ. ಅವನೇ ನನಗೆ ಮೂಲ ಭಾರತದ ಉದ್ಯೋಗಪರ್ವದಲ್ಲಿ ಏನಿದೆ ಅಂತ ಹೇಳಿದ್ದು. ಕೃಷ್ಣ ಬಂದು ನೀನು ಕುಂತಿಯ ಮಗ, ಬಾ, ರಾಜ್ಯ ನಿನ್ನದು ಅಂತಾನೆ. ಕರ್ಣ ಹೇಳೋದೇನು? ಅಧಿರಥ ನನ್ನನ್ನ ಮನೆಗೆ ತಂದಾಗ ರಾಧೆಯ ಎದೆಯಲ್ಲಿ ಹಾಲು ಇಳಿಯಿತು, ನನ್ನ ಹೇಲು ಉಚ್ಚೆ ಬಳಿದವಳು ಅವಳು, ಅವಳಿಗೆ ಪಿಂಡ ತಪ್ಪಿಸಲಾ? ನನಗೆ ಹೆಸರಿಟ್ಟದ್ದು, ಮದುವೆ ಮಾಡಿದ್ದು ಅಧಿರಥ, ಅವನೇ ಅಪ್ಪ ಅಂತ. ತನ್ನ ಮನೆ ಯಾವುದು ಅನ್ನೋದರಲ್ಲಿ ಕರ್ಣನಿಗೆ ಗೊಂದಲವೇ ಇಲ್ಲ! ಗೊಂದಲ ಇದ್ದದ್ದು ಉಳಿದವರಿಗೆ. ರಂಗದ ಮೇಲೆ ಅವನ ಕುಲ ಕೇಳಿದವರಿಗೆ. ಅವನ ದುರಂತ ಸೂತರ ಮನೆಯಲ್ಲಿ ಬೆಳೆದದ್ದಲ್ಲ, ಸೂತರ ಮನೆಯವನು ಅಂತ ಹಂಗಿಸಿದ್ದು. ನಾವು ಕಥೆಯನ್ನ ಉಲ್ಟಾ ಓದಿಕೊಂಡು ಅಳ್ತಾ ಕೂತಿದ್ದೀವಿ.

*

ಇಷ್ಟೆಲ್ಲ ಬರೆದ ಮೇಲೆ ನೀವು ಕೇಳಬಹುದು, ಹಾಗಾದ್ರೆ ಹೆತ್ತವಳು ಯಾರು ಅಂತ ನಿನಗೆ ಕುತೂಹಲವೇ ಇಲ್ವಾ?

ಇದೆ. ಇಪ್ಪತ್ತೈದನೇ ವಯಸ್ಸಿನಲ್ಲಿ ಆ ಸಂಸ್ಥೆಗೆ ಹೋಗಿದ್ದೆ. ಒಬ್ಬಳೇ ಹೋಗ್ತೀನಿ ಅಂದ್ರೆ ಅಪ್ಪಯ್ಯ ಕೇಳಲಿಲ್ಲ. ಪಂಚೆ ಉಟ್ಟು, ಬುತ್ತಿ ಕಟ್ಟಿಸಿಕೊಂಡು, ಐದು ಗಂಟೆ ಬಸ್ಸಿನಲ್ಲಿ ನನ್ನ ಪಕ್ಕ ಕೂತು ಬಂದ. ಹಳೇ ರಿಜಿಸ್ಟರ್ ತೆಗೆದರು. ನನ್ನ ಬಗ್ಗೆ ಒಂದೇ ಸಾಲು. ತಾರೀಖು, ತೂಕ ಎರಡು ಕೆಜಿ ಇನ್ನೂರು ಗ್ರಾಮ್, ಹಸಿರು ಟವೆಲ್ಲಿನಲ್ಲಿ ಸುತ್ತಿ ಆಸ್ಪತ್ರೆಯೊಂದರ ಹೊರಗೆ ಇಟ್ಟಿದ್ದು. ಅಷ್ಟೇ. ನಾನು ಒಂದು ಸಲ ಓದಿ ಮುಚ್ಚಿದೆ. ಅಪ್ಪಯ್ಯ, "ಇನ್ನೊಂದ್ಸಲ ತೋರಿಸ್ತೀರಾ?" ಅಂತ ಕೇಳಿ ಕನ್ನಡಕ ಹಾಕಿಕೊಂಡು ಹಿಂದಿನ ಪುಟ ಮುಂದಿನ ಪುಟ ಎಲ್ಲ ಹುಡುಕಿದ. ನನಗಾಗಿ ಹುಡುಕಿದ. ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದ್ದು ಒಂದೇ ಮಾತು: "ಬೇಜಾರಾತನೇ ಕೂಸೇ?"

ಊರಲ್ಲಿ ಸುದ್ದಿಯಾಯ್ತು. "ಇಷ್ಟು ಮಾಡಿದ್ರೂ ಹುಡುಕ್ಕೊಂಡು ಹೋದ್ಲು ನೋಡು." ಇದೊಂದು ಬೇರೆ ನ್ಯಾಯ. ನನ್ನಲ್ಲಿ ಹರಿಯೋದು ಬೇರೆ ರಕ್ತ ಅಂತ ದಿನಾ ನೆನಪಿಸೋರೇ, ಆ ರಕ್ತ ಯಾರದ್ದು ಅಂತ ನಾನು ಕೇಳಿದ್ರೆ ದ್ರೋಹ ಅಂತಾರೆ. ಹದಿನೆಂಟು ತುಂಬಿದ ದತ್ತು ಮಕ್ಕಳು ತಮ್ಮ ಮೂಲ ಹುಡುಕೋಕೆ ಅರ್ಜಿ ಹಾಕಬಹುದು ಅಂತ ಈಗ ನಿಯಮಗಳಲ್ಲೇ ಇದೆ. ಹೆತ್ತವಳ ಗುಟ್ಟನ್ನ ಕಾಪಾಡಬೇಕು ಅಂತಲೂ ಇದೆ. ಎರಡೂ ಸರಿ ಅನ್ನಿಸುತ್ತೆ ನನಗೆ. ಅವಳು ಎಲ್ಲೋ ಯಾವುದೋ ಮನೆಯಲ್ಲಿ ಅಜ್ಜಿಯಾಗಿ ಕೂತಿರಬಹುದು. ಹಸಿರು ಟವೆಲ್ ಅಂದ್ರೆ ಬೆಚ್ಚಿ ಬೀಳಬಹುದು. ಅವಳ ಮೇಲೆ ನನಗೆ ಕೋಪವಿಲ್ಲ. ಡಾಕ್ಟರು ಫಾರ್ಮ್ ತುಂಬಿಸುವಾಗ "ಮನೆಯಲ್ಲಿ ಯಾರಿಗಾದ್ರೂ ಶುಗರ್ ಇತ್ತಾ?" ಅಂತ ಕೇಳಿದಾಗ ಮಾತ್ರ ಒಂದು ಕ್ಷಣ ನೆನಪಾಗ್ತಾಳೆ. ಅಪ್ಪಯ್ಯನಿಗಿತ್ತು ಅಂತ ಹೇಳೋಕೆ ಬಾಯಿ ತೆರೆದು ನಿಲ್ಲಿಸಿಕೊಳ್ತೀನಿ.

ಮನೆ ಯಾವುದು ಅಂತ ಹುಡುಕಿದ್ದಲ್ಲ ನಾನು ಅವತ್ತು. ಮನೆಯಿಂದ ಹೊರಟು, ಬುತ್ತಿ ತಿಂದು, ಮನೆಗೇ ವಾಪಸ್ ಬಂದೆ. ಇದು ಅರ್ಥವಾಗದವರಿಗೆ ಹೇಗೆ ಬಿಡಿಸಿ ಹೇಳಲಿ?

ಈಗ ಬ್ರಾಕೆಟ್ ಕಥೆ. ಆ ಕಾಗದವನ್ನ ನಾನು ತಗೊಳ್ಳಲಿಲ್ಲ. ಅಲ್ಲೇ ಮೇಜಿನ ಮೇಲೆ ಇಟ್ಟು ಬಂದೆ. "ಇದರಲ್ಲೇ ಖಾತೆ ಆಗುತ್ತೆ ಮೇಡಂ, ಸುಮ್ನೆ ಯಾಕೆ ಹಟ?" ಅಂದರು. ಪೌತಿ ಖಾತೆ ಆಗುತ್ತೆ, ನನಗೂ ಗೊತ್ತು. ವಕೀಲರೊಬ್ಬರು ಸ್ನೇಹಿತರು, ಅವರೂ "ಖಾತೆ ಆದ್ರೆ ಸಾಕಲ್ಲ" ಅಂತಾರೆ. ಸಾಕಾಗಲ್ಲ. ಅಂಗಳದಲ್ಲಿ ಒಂದು ಸಲ ಸುಮ್ಮನಿದ್ದದ್ದೇ ಸಾಕು. ಕಲಂ 12ನ್ನ ಉಲ್ಲೇಖಿಸಿ, ದತ್ತಕ ಪತ್ರದ ನಕಲು ಲಗತ್ತಿಸಿ, ತಿದ್ದುಪಡಿಗೆ ಹೊಸ ಅರ್ಜಿ ಬರೆದಿದ್ದೀನಿ. ಅದರಲ್ಲಿ 'ಮಗಳು' ಅಂತ ಒಂದೇ ಶಬ್ದ ಇರಬೇಕು, ಮುಂದೆ ಏನೂ ಇರಬಾರದು ಅಂತ ಕೇಳಿದ್ದೀನಿ.

ಸೋಮವಾರ ಮತ್ತೆ ಹೋಗ್ತೀನಿ. ಆಯಿಯೂ ಬರ್ತಾಳಂತೆ. ಮೊಣಕಾಲು ನೋವು, ಬೇಡ ಅಂದ್ರೆ ಕೇಳ್ತಾ ಇಲ್ಲ. ಮೆಟ್ಟಿಲು ಹತ್ತೋಕಾಗಲ್ಲ, ಆಫೀಸರನ್ನೇ ಕೆಳಗೆ ಕರೆಸು ಅಂತಿದ್ದಾಳೆ.